ಅಪ್ಪ ಬಾವಿಗೆ ಬಿಟ್ಟ ಮೀನುಗಳು

ಇವತ್ತು ದೊಡ್ಡಬಳ್ಳಾಪುರದಿಂದ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕೊಳೆತ ಮೀನಿನ ವಾಸನೆ ಬಡಿಯಿತು. ಮತ್ತೆ ಹತ್ತು ವರ್ಷದ ಹುಡುಗಿಯಾಗಿಬಿಟ್ಟೆ.

ನಮ್ಮೂರ ಕೆರೆಗೆ ಗಾಳ ಹಾಕಲು ಬರುತ್ತಿದ್ದ ಬೆಂಗಳೂರಿನವರಿಗೆ ಜಾಗ ತೋರಿಸುವುದೇ ಅಪ್ಪನ ಕಸುಬು. ಹರೆಯದಲ್ಲಿ ಅವರು ಬೇಟೆಗಾರರನ್ನು ಮೊಲ, ಕೌಜುಗದ ಜಾಡಿಗೆ ಕರೆದೊಯ್ದವರು. ಬೇಟೆ ನಿಂತ ಮೇಲೆ ಕೆರೆಯೇ ಬದುಕಾಯಿತು. ನೀರಿನ ಮೇಲೆ ಏಳುವ ಗುಳ್ಳೆ ನೋಡಿಯೇ ಅಡಿಯಲ್ಲಿರುವುದು ಯಾವ ಮೀನೆಂದು ಹೇಳುತ್ತಿದ್ದರು.

ಒಂದು ಬೆಳಗ್ಗೆ ಕೆರೆ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಯಾರೋ ಟ್ಯಾಂಕರಿನಲ್ಲಿ ವಿಷದ ನೀರು ತಂದು ಸುರಿದು ಹೋಗಿದ್ದರು. ಅಪ್ಪ ಎದೆಮಟ್ಟದ ನೀರಿಗಿಳಿದು ಕೂಗಿದರು.

“ಬಿಂದಿಗೆ ತಗಂಬಾ ಮಗಾ, ಬೇಗ! ಉಸ್ರಿರೋವ್ನ ಬಾವಿಗೆ ಬಿಡಾಣ!”

ಮಧ್ಯಾಹ್ನದವರೆಗೂ ಇಬ್ಬರೂ ಓಡೋಡಿ ಹೊತ್ತೆವು. ಸಂಜೆಯ ಹೊತ್ತಿಗೆ ಬಾವಿಯಲ್ಲೂ ಎಲ್ಲವೂ ತೇಲಿದವು. ಅಪ್ಪ ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

“ಮೂವತ್ತು ವರ್ಸ ಇವುನ್ನ ಹಿಡಿಯೋದು ತೋರ್ಸ್ದೆ ಕಣವ್ವ. ಉಳ್ಸೋದು ಗೊತ್ತಾಗ್ಲಿಲ್ಲ,” ಎಂದು ಬಿಕ್ಕಿಬಿಕ್ಕಿ ಅತ್ತರು.

ಬಸ್ಸು ಕೆರೆ ಏರಿಯ ಮೇಲಿದ್ದಾಗ ಅಪ್ಪನ ಫೋನ್ ಬಂತು. ಅವರಿಗೀಗ ಕಣ್ಣು ಕಾಣಿಸುವುದಿಲ್ಲ.

“ಕೆರೆ ನೀರು ಹೆಂಗೈತವ್ವ?”

ಬಿಳಿ ನೊರೆ ರಸ್ತೆಯ ಅಂಚಿನವರೆಗೂ ಬಂದಿತ್ತು.

“ಚೆನ್ನಾಗೈತೆ ಕಣಪ್ಪ,” ಎಂದೆ.