ಮಡುವಿನ ಮೊಸಳೆ, ಕಡವಿನ ಗೋಣೆಪ್ಪ

ಆಡೂರಿನ ಸೀಮೆಯಲ್ಲಿ ವರದಾ ನದಿ ದಾಟಬೇಕಾದವರೆಲ್ಲ ಅಂಬಿಗರ ಗೋಣೆಪ್ಪನ ಹರಿಗೋಲು ಹತ್ತಲೇಬೇಕಿತ್ತು. ಹತ್ತಿದ ಮೇಲೆ ಅವನು ತೋರಿಸಿದ್ದನ್ನೆಲ್ಲ ನೋಡಲೇಬೇಕಿತ್ತು. ನಟ್ಟನಡುವೆ ಹುಟ್ಟು ನಿಲ್ಲಿಸಿ, "ಅಲ್ನೋಡ್ರಿ, ನೀರನಾಯಿ" ಎಂದು ಸಂತೆಗೆ ಹೊರಟವರನ್ನು ತಡಮಾಡಿಸುವ ಆಸಾಮಿ ಅವನು. "ಹೊಳಿ ನೋಡಿದ್ರ ಹೊಟ್ಟಿ ತುಂಬೂದಿಲ್ಲ" ಎನ್ನುತ್ತಿದ್ದಳು ಹೆಂಡತಿ ತಿಪ್ಪವ್ವ. ಅವನಿಗೆ ಅರ್ಧ ತುಂಬುತ್ತಿದ್ದುದಂತೂ ನಿಜ.

೧೯೫೮ರ ಬೇಸಿಗೆಯಲ್ಲಿ, ಹರಿಗೋಲು ಹತ್ತಿ ಹೊಳೆ ದಾಟುವ ಕಡವಿನ ಪಕ್ಕದ ಮಡುವಿನ ಮೊಸಳೆ ಊರಗೌಡ ಉಳವಪ್ಪನ ಕರುವನ್ನು ಎಳೆದೊಯ್ದಿತು. ಜನ ಹರಿಗೋಲು ಹತ್ತಲು ಹೆದರಿದರು. ಉಳವಪ್ಪ ಕರೆಸಿ ಹೇಳಿದ: "ಗೋಣ್ಯಾ, ಮಳಿ ಹಿಡಿಯೂದ್ರಾಗ ಅದನ್ನ ಕೊಲ್ಲು. ಇಲ್ಲಾಂದ್ರ ಕಡವು ಮೀನ ಹಿಡಿಯೂ ನಬೀಸಾಬಗ ಕೊಡ್ತೇನಿ, ಅವ ಕೊಲ್ತಾನ." ಅಜ್ಜನ ಕಾಲದಿಂದ ಬಂದ ಕಡವು. ಗೋಣೆಪ್ಪನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಭರ್ಚಿ ಮಸೆದುಕೊಂಡ.

ಮೊದಲ ಮಳೆ ಬಿದ್ದ ಮರುದಿನ ಬೆಳಗಿನಲ್ಲಿ ಹರಿಗೋಲನ್ನು ಜೊಂಡಿನ ಮರೆಗೆ ತಳ್ಳಿ ಕುಳಿತ. ಎದುರಿನ ಮರಳದಿಣ್ಣೆಯ ಮೇಲೆ, ಭರ್ಚಿ ಎಸೆದರೆ ತಾಗುವಷ್ಟು ಹತ್ತಿರದಲ್ಲಿ ಮೊಸಳೆ ಮರಳು ಕೆದರುತ್ತಿತ್ತು. ಒಳಗಿನಿಂದ ಕಪ್ಪೆ ಕೂಗಿದಂಥ ಸಣ್ಣ ಸದ್ದು. ಗೇಣುದ್ದದ ಮರಿಯೊಂದು ಹೊರಬಂತು. ಮೊಸಳೆ ಅದನ್ನು ಬಾಯಿಗೆ ಹಾಕಿಕೊಂಡಿತು.

"ಹೆತ್ತ ಮಕ್ಕಳ್ನ ತಿಂತೈತಿ, ಹಾಳಾದ್ದು" ಎಂದು ಗೋಣೆಪ್ಪ ಸಿಟ್ಟಿನಿಂದ ಭರ್ಚಿ ಎತ್ತಿದ. ಮೊಸಳೆ ನೀರಿಗಿಳಿದು ಬಾಯಿ ತೆರೆಯಿತು. ಕರುವಿನ ಎಲುಬು ಮುರಿದ ಆ ಹಲ್ಲುಗಳ ನಡುವಿನಿಂದ ಮರಿ ಈಜುತ್ತ ಹೊರಟಿತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಆಮೇಲೆ ಮತ್ತೊಂದು, ಮಗದೊಂದು. ಗೋಣೆಪ್ಪನ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರಾಡಿತು. ಹುಟ್ಟಿದಾಗಿನಿಂದ ಈ ಹೊಳೆಯನ್ನೇ ನೋಡಿದವನಿಗೆ ತಾನು ಏನೂ ನೋಡಿಲ್ಲ ಅನ್ನಿಸಿತು.

ಕಡವಿಗೆ ಬಾಣಂತಿ ಬಂದರೆ ಉಳಿದವರೆಲ್ಲ ಕಾಯಬೇಕು, ಅವಳನ್ನೇ ಮೊದಲು ದಾಟಿಸಬೇಕು. ಅದು ಅವರ ಮನೆತನದ ರೀತಿ. ಭರ್ಚಿ ಕೆಳಗಿಟ್ಟು, ಕೊನೆಯ ಮರಿ ನೀರು ಸೇರಿ ತಾಯಿಯ ತಲೆಯ ಮೇಲೆ ಹತ್ತಿ ಕೂರುವವರೆಗೆ ಅವನು ಕದಲಲಿಲ್ಲ.

ಹೊತ್ತೇರಿದ ಮೇಲೆ ಗೌಡರ ಕಟ್ಟೆಗೆ ಹೋಗಿ ಕಂಡದ್ದನ್ನು ಹೇಳಿದ. ಕೂತಿದ್ದವರು ನಕ್ಕರು. ಉಳವಪ್ಪ ನಗಲಿಲ್ಲ.

"ಕೊಂದಿಯೇನು, ಇಲ್ಲೇನು? ಅಷ್ಟ ಹೇಳು."

"ಇಲ್ರೀ ಗೌಡ್ರ. ಬಾಣಂತಿ ಮ್ಯಾಲೆ ಕೈ ಏಳಲಿಲ್ಲ."

"ಹಂಗಾರ ಹುಟ್ಟು ಇಟ್ಟು ನಡಿ."

ಗೋಣೆಪ್ಪ ಹುಟ್ಟನ್ನೂ ಭರ್ಚಿಯನ್ನೂ ಕಟ್ಟೆಯ ಮೇಲೆ ಕೂತಿದ್ದ ನಬೀಸಾಬನ ಕೈಗೆ ಕೊಟ್ಟ. ಹೊರಟವನು ತಿರುಗಿ ನಿಂತ.

"ನಬೀಸಾಬ, ನಾಳಿ ಮುಂಜಾನಿ ಜೊಂಡಿನ್ಯಾಗ ಸುಮ್ನ ಕುಂತು ಒಮ್ಮಿ ನೋಡಪ್ಪ. ಮರಿ ತಾಯಿ ತಲಿ ಮ್ಯಾಲೆ ಹತ್ತಿ ಕುಂತಿರ್ತಾವ. ಆಮ್ಯಾಲೂ ಕೈ ಎದ್ರ, ಹೊಡಿ."