ನೆರಳಿಲ್ಲದ ಕಾಫಿ ತೋಟ

ನಿರಾಶ್ರಿತರ ಕೇಂದ್ರದಲ್ಲಿ ನಾಲ್ಕು ದಿನ ತುಟಿ ಬಿಚ್ಚದೆ ಕೂತಿದ್ದ ಮಂಜೇಗೌಡರನ್ನು ಮಾತಾಡಿಸಿದ್ದು ಯಾರು, ಹೇಳಿ ನೋಡೋಣ? ಡಾಕ್ಟರಲ್ಲ, ತಹಶೀಲ್ದಾರರೂ ಅಲ್ಲ.

ಕಳಸದ ಹತ್ತಿರ ಗುಡ್ಡ ಕುಸಿದು ಮನೆ, ತೋಟ ಕಳೆದುಕೊಂಡವರನ್ನು ಶಾಲೆಯೊಂದರಲ್ಲಿ ಇರಿಸಿದ್ದರು. ನೆರವಿಗೆಂದು ಅಲ್ಲಿಗೆ ಹೋಗಿದ್ದ ನಾನು ಅವರ ಮನಸ್ಸು ಹಗುರಾಗಲೆಂದು ಬಣ್ಣ, ಕಾಗದ ಹಂಚಿದೆ. ಹೆಂಗಸರು, ಮಕ್ಕಳು ನಗುನಗುತ್ತಾ ಬರೆಯತೊಡಗಿದರು. ನಾನೂ ಒಂದು ಕಾಫಿ ತೋಟ ಬರೆದೆ. ಗೌಡರು ಮಾತ್ರ ಗೋಡೆಗೆ ಮುಖ ಮಾಡಿ ಕೂತಿದ್ದರು. ಅನ್ನವನ್ನೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹೆಂಡತಿ ಸೀತಮ್ಮನಿಗೆ ಅದೇ ದಿಗಿಲು.

ಎಷ್ಟೋ ಹೊತ್ತಿನ ಮೇಲೆ ನನ್ನ ಬೆನ್ನ ಹಿಂದೆ ಗೌಡರ ದನಿ ಕೇಳಿತು. "ಏನು ಮಾರಾಯ್ರೆ, ಒಂದೂ ನೆರಳಿನ ಮರ ಇಲ್ವಲ್ಲ. ಗಿಡ ಸುಟ್ಟು ಹೋಗಲ್ವಾ?"

"ಮರ ಬರೆಯೋಕೆ ನಂಗೆ ಬರಲ್ಲ ಗೌಡ್ರೆ."

"ಕಾಫಿ ಕುಡಿಯೋಕೆ ಬರುತ್ತಲ್ಲ. ಕೊಡಿ ಇತ್ತ."

ಕುಂಚ ಕಿತ್ತುಕೊಂಡು, ಕೊಚ್ಚಿಹೋದ ತಮ್ಮ ತೋಟದ ಮರಗಳನ್ನು ಒಂದೊಂದಾಗಿ ನಿಲ್ಲಿಸಿದರು: ಹಾಲುವಾಣ, ಅತ್ತಿ, ಅಪ್ಪ ನೆಟ್ಟ ಹಲಸು. ಹಲಸಿನ ಹತ್ತಿರ ಬಂದಾಗ ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, "ಊಟ ಉಳಿದಿದ್ಯೇನೇ?" ಎಂದು ಹೆಂಡತಿಯನ್ನು ಕೇಳಿದರು.

ಸೀತಮ್ಮ ತಟ್ಟೆ ತರಲು ಓಡಿದ ರಭಸಕ್ಕೆ ನನ್ನ ಬಣ್ಣದ ನೀರೆಲ್ಲ ಚೆಲ್ಲಿಹೋಯಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ದಡ್ಡ ಎನಿಸಿಕೊಂಡು ಅಷ್ಟು ಖುಷಿಪಟ್ಟದ್ದು ಅವತ್ತೊಂದೇ ದಿನ, ಶ್ರಾವಣದ ಎರಡನೇ ಸೋಮವಾರ.