ಎಲ್ಲಾ ಸೇರಿ ಒಬ್ಬನೇ ಮಾದೇಶ

ನಮ್ಮ ಯಜಮಾನರ ಹೆಸರು ಮಾದೇಶ. ಟ್ರ್ಯಾಕ್ಟರಿನಲ್ಲಿ ಕುಂತೂರು ಫ್ಯಾಕ್ಟರಿಗೆ ಕಬ್ಬು ಸಾಗಿಸೋರು. ಸುತ್ತಮುತ್ತ ಯಾರಿಗೆ ಹಾವು ಕಚ್ಚಿದರೂ ಇವರನ್ನೇ ಕೂಗೋರು. ಬೈಕಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸೋರು. "ಕಣ್ ಮುಚ್ಚಬ್ಯಾಡ ಕಣ್ಲಾ, ಮುಚ್ಚುದ್ರೆ ನಿನ್ ಪಾಲಿನ ಬಾಡೂಟ ನಾನೇ ಉಂಡ್ಬುಡ್ತೀನಿ" ಅಂತ ದಾರಿಯುದ್ದಕ್ಕೂ ಬೈಯೋರು. ಹನ್ನೊಂದು ಜನ ಹಂಗೆ ಉಳಕೊಂಡರು.

ಈ ಶ್ರಾವಣದಲ್ಲಿ ಅವರಿಗೇ ಕಚ್ಚಿತು. ಆಸ್ಪತ್ರೆಯಲ್ಲಿ ಹೆಸರು ಬರಕೊಂಡರು, ಔಷಧಿ ಇರಲಿಲ್ಲ. "ಈ ವರ್ಷದ್ದು ಮುಗೀತು, ಕೊಳ್ಳೇಗಾಲಕ್ಕೆ ಓಗಿ" ಅಂದರು. ದಾರಿಯಲ್ಲೇ ಹೋದರು.

ತಿಥಿ ಮುಗಿಸಿ ತಾಲ್ಲೂಕಿನ ಆರೋಗ್ಯ ಆಫೀಸಿಗೆ ಹೋದೆ. ಯಾಕೆ ಮುಗೀತು ಅಂದೆ. ಹೋದ ವರ್ಷ ಎಷ್ಟು ಜನಕ್ಕೆ ಕಚ್ಚಿತ್ತೋ ಅಷ್ಟು ಜನಕ್ಕೇ ಈ ವರ್ಷ ಔಷಧಿ ಕಳಿಸ್ತಾರಂತೆ. ಎಣಿಸೋದು ಕಂಪ್ಯೂಟರು. ಅದನ್ನು ನಡೆಸೋ ಹುಡುಗಿ, ದೀಪ ಅಂತ, ತೋರಿಸಿದಳು. ಬಂದವರಿಗೆಲ್ಲ ಒಂದೊಂದು ಸಾಲು. ಹೆಸರು, ಅಪ್ಪನ ಹೆಸರು, ಊರು, ತಾರೀಕು, ನಡುನಡುವೆ ಕಾಮಾ. ಸ್ಕ್ರಿಪ್ಟ್ ಅಂತ ನಾಕು ಸಾಲು ಬರೆದವ್ರೆ, ಅದು ಒಂದೇ ಹೆಸರಿನ ಸಾಲನ್ನೆಲ್ಲ ಗುಂಪು ಮಾಡಿ, ಗುಂಪಿಗೆ ಒಬ್ಬರು ಅಂತ ಎಣಿಸ್ತದೆ.

"ಯಾಕವ್ವ ಹಂಗೆ?"

"ಒಬ್ಬರೇ ಎರಡು ಸಲ ತೋರಿಸ್ಕೊಳ್ಳಕ್ಕೆ ಬರ್ತಾರಲ್ಲಮ್ಮ. ಎರಡು ಸಲ ಎಣಿಸಬಾರದು ಅಂತ."

ಹೋದ ವರ್ಷದ ಪಟ್ಟೀಲಿ ಮಾದೇಶ ಅನ್ನೋ ಗುಂಪಲ್ಲಿ ಒಂಬತ್ತು ಸಾಲು. ಲೆಕ್ಕ ಒಂದು.

ಒಳಗೆ ಹೋಗಿ ಆಫೀಸರು ರುದ್ರಸ್ವಾಮಿ ಸಾಹೇಬರ ಮೇಜು ಗುದ್ದಿದೆ. "ಸಾ, ಮಾದಪ್ಪನಿಗೆ ಹರಕೆ ಹೊತ್ತು ಹೆತ್ತ ಗಂಡುಮಕ್ಕಳಿಗೆಲ್ಲ ಮಾದೇಶ ಅಂತ ಇಡ್ತೀವಿ. ನಮ್ ಬೀದೀಲೇ ಐದು ಜನ ಅವ್ರೆ. ನೀವು ಯಳಂದೂರಿನೋರು, ಗೊತ್ತಿಲ್ವಾ?"

"ಕಂಪ್ಯೂಟರಿಗೇನು ಗೊತ್ತಮ್ಮ."

"ಒಬ್ಬನಿಗೇ ಒಂಬತ್ತು ಸಲ ಹಾವು ಕಚ್ಚಿ ಒಂಬತ್ತು ಸಲವೂ ಬದುಕ್ದ ಅಂತ ಲೆಕ್ಕ ಕಳಿಸಿದ್ರಲ್ಲ, ಅವನ ಮುಖ ನೋಡಬೇಕು ಅಂತಲಾದ್ರೂ ಅನ್ನಿಸ್ಲಿಲ್ವಾ ಸಾ?"



ಈಚೆಗೆ ಬಂದು ದೀಪನ ಪಕ್ಕ ನಿಂತೆ. ಬಾವಿಮನೆ ಮಾದೇಶ, ಕುರಿ ಮಾದೇಶ, ಚನ್ನಾಜಮ್ಮನ ಮಗ ಮಾದೇಶ... ಒಂದೊಂದು ಸಾಲೂ ಯಾರದು ಅಂತ ಹೇಳಿದೆ. ಅವರಲ್ಲಿ ಆರು ಜನರನ್ನು ಬೈಕಲ್ಲಿ ತಂದಿದ್ದು ನಮ್ಮ ಯಜಮಾನರೇ. ಕುರಿ ಮಾದೇಶ ಎರಡು ಸಲ ಬಂದಿದ್ದ, ಅದನ್ನೂ ಮುಚ್ಚಿಡಲಿಲ್ಲ. ದೀಪ ಸ್ಕ್ರಿಪ್ಟ್ ತಿದ್ದಿ, ಅಪ್ಪನ ಹೆಸರು, ಊರು ಸೇರಿಸಿ ಗುಂಪು ಮಾಡಿದಳು. ಮಾದೇಶರು ಎಂಟು ಜನ ಆದರು. ಇಡೀ ಪಟ್ಟಿ ನಲವತ್ತೊಂದಿದ್ದದ್ದು ಅರವತ್ತೆಂಟು.

ಅಪ್ಪನ ಹೆಸರು ಮೊದಲಿಂದಲೂ ಅಲ್ಲೇ ಪಕ್ಕದಲ್ಲಿತ್ತು. ಒಂದು ಕಾಮಾ ದಾಟಿ ನೋಡೋರು ಇರಲಿಲ್ಲ.

"ಈ ವರ್ಷದ್ದೂ ಇಂಗೇ ಎಣಿಸವ್ವ" ಅಂದೆ. ಅದರಲ್ಲಿ ನಮ್ಮ ಯಜಮಾನರ ಸಾಲೂ ಇತ್ತು. ಎಣಿಸಿದಳು. ಅವರು ಬೇರೆಯಾಗಿ ಒಬ್ಬರಾದರು.

ಹೆಚ್ಚಿಗೆ ಔಷಧಿ ಬೇಕು ಅನ್ನೋ ಕಾಗದಕ್ಕೆ ಸಾಹೇಬರು ಸಹಿ ಹಾಕೋವರೆಗೂ ಬಾಗಿಲಲ್ಲೇ ನಿಂತಿದ್ದೆ. ಕುರ್ಚಿ ಕೊಟ್ಟರು. ಕೂರಲಿಲ್ಲ.